ಸೀಟು ಸಿಕ್ಕಿದ ಮೇಲಿನ ಮಾತು

ಹ್ಯೂಸ್ಟನ್, ಟೆಕ್ಸಾಸ್

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ನಿಮ್ಮ ಮತ್ತು ಅಮ್ಮನ ಆರೋಗ್ಯದ ಬಗ್ಗೆ ತಪ್ಪದೆ ಬರೆಯಿರಿ.

ನಾನು ಗಣಿತ ಕಲಿಸುವ ಚಾರ್ಟರ್ ಹೈಸ್ಕೂಲು ಸರ್ಕಾರದ್ದೋ ಖಾಸಗಿಯದೋ ಎಂದು ಕೇಳಿದ್ದಿರಿ. ಹಣ ಸರ್ಕಾರದ್ದು, ಆಡಳಿತ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡ ಸ್ವತಂತ್ರ ಮಂಡಳಿಯದು. ಮಕ್ಕಳಿಂದ ಬೋಧನಾ ಶುಲ್ಕ ಪಡೆಯುವಂತಿಲ್ಲ; ಸೀಟುಗಳಿಗಿಂತ ಅರ್ಜಿಗಳು ಹೆಚ್ಚಾದರೆ ಲಾಟರಿ ಎತ್ತುತ್ತಾರೆ. ನಮ್ಮ ಕಡೆಯ ಅನುದಾನಿತ ಶಾಲೆಗಳನ್ನು ನೆನೆದರೆ ಅರ್ಧದಷ್ಟು ಅರ್ಥವಾದೀತು, ಆದರೆ ಇಲ್ಲಿ ಒಪ್ಪಂದದ ಅವಧಿ ಮುಗಿಯುವ ಹೊತ್ತಿಗೆ ಫಲಿತಾಂಶ ತೃಪ್ತಿಕರವಾಗಿಲ್ಲದಿದ್ದರೆ ಶಾಲೆಯನ್ನೇ ಮುಚ್ಚಿಸಬಹುದು. ಇಂತಹ ಶಾಲೆಗಳಿಗೆ ಮೊದಲ ಕಾನೂನು ಮಾಡಿದ್ದು ಮಿನೆಸೋಟ ರಾಜ್ಯ, 1991ರಲ್ಲಿ; ಟೆಕ್ಸಾಸ್ 1995ರಲ್ಲಿ ಮಾಡಿತು.

ಹನ್ನೆರಡನೆಯ ತರಗತಿ ಪಾಸಾದ ಮಕ್ಕಳ ವಿಷಯದಲ್ಲಿ ಶಾಲೆಗೆ ಇನ್ನೇನು ಕೆಲಸ ಉಳಿದಿರುತ್ತದೆ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ಇದೇ ಹ್ಯೂಸ್ಟನ್‌ನಲ್ಲಿ 1994ರಲ್ಲಿ ಐದನೆಯ ತರಗತಿಯ ಮಕ್ಕಳಿಗಾಗಿ ಆರಂಭವಾದ ‘ಕಿಪ್’ ಎಂಬ ಸಂಸ್ಥೆ ಇಂದು ದೇಶದುದ್ದಕ್ಕೂ ಚಾರ್ಟರ್ ಶಾಲೆಗಳನ್ನು ನಡೆಸುತ್ತದೆ. ತನ್ನ ಮೊದಲ ತಂಡಗಳ ಮಕ್ಕಳು ಮುಂದೆ ಏನಾದರು ಎಂದು ಹುಡುಕಿ ನೋಡಿದ ಆ ಸಂಸ್ಥೆ, ಅವರಲ್ಲಿ ನಾಲ್ಕು ವರ್ಷದ ಪದವಿ ಮುಗಿಸಿದವರು ನೂರಕ್ಕೆ 33 ಮಂದಿ ಮಾತ್ರ ಎಂಬುದನ್ನು 2011ರಲ್ಲಿ ತಾನೇ ಪ್ರಕಟಿಸಿತು. ಬಡ ಕುಟುಂಬಗಳ ಮಕ್ಕಳ ರಾಷ್ಟ್ರೀಯ ಪ್ರಮಾಣಕ್ಕಿಂತ ಅದು ಬಹಳ ಮೇಲಿತ್ತು. ಆದರೂ ಸಂಸ್ಥೆ ಇಟ್ಟುಕೊಂಡ ಗುರಿ ನೂರಕ್ಕೆ 75. ಕಾಲೇಜಿನಲ್ಲಿ ಪ್ರವೇಶ ಸಿಗುವುದು ಬೇರೆ, ಪದವಿ ಕೈಗೆ ಬರುವುದು ಬೇರೆ ಎಂಬುದನ್ನು ಅಂಕಿಯಲ್ಲಿ ಬರೆದು ಎಲ್ಲರ ಮುಂದಿಟ್ಟ ಆ ಪ್ರಾಮಾಣಿಕತೆಯನ್ನು ನಾನು ತುಂಬಾ ಗೌರವಿಸುತ್ತೇನೆ.

ನಮ್ಮ ಶಾಲೆಯಲ್ಲಿ ಹನ್ನೊಂದನೆಯ ತರಗತಿಯಿಂದಲೇ ಕೌನ್ಸೆಲರ್ ಪ್ರತಿಯೊಂದು ಮಗುವಿನೊಂದಿಗೂ ಕುಳಿತು ಕಾಲೇಜುಗಳ ಪಟ್ಟಿ ಮಾಡುತ್ತಾರೆ. ಪಟ್ಟಿಗೆ ಸೇರುವ ಕಾಲೇಜಿನ ಹೆಸರು ಎಷ್ಟು ದೊಡ್ಡದು ಎಂಬುದಕ್ಕಿಂತ, ಅಲ್ಲಿ ಸೇರಿದವರಲ್ಲಿ ಎಷ್ಟು ಮಂದಿ ಪದವಿ ಮುಗಿಸುತ್ತಾರೆ, ಮನೆಯವರು ಕೈಯಿಂದ ಎಷ್ಟು ಕಟ್ಟಬೇಕಾಗುತ್ತದೆ ಎಂಬುದನ್ನು ಮೊದಲು ನೋಡುತ್ತಾರೆ. ಒಂದೇ ಮಟ್ಟದ ಅಂಕಗಳಿರುವ ಇಬ್ಬರು ಮಕ್ಕಳು ಬೇರೆ ಬೇರೆ ಕಾಲೇಜಿಗೆ ಹೋದರೆ, ಪದವಿ ಮುಗಿಸುವ ಸಾಧ್ಯತೆ ಬಹಳ ವ್ಯತ್ಯಾಸವಾಗುತ್ತದೆ. ಇಲ್ಲಿನ ಕೇಂದ್ರ ಸರ್ಕಾರ ಕಾಲೇಜುವಾರು ಪ್ರಕಟಿಸುವ ಅಂಕಿಅಂಶಗಳಲ್ಲಿ ಇದು ಎದ್ದು ಕಾಣುತ್ತದೆ. ಆಮೇಲೆ ಹಣದ ಅರ್ಜಿ. ತಂದೆತಾಯಿಯ ಆದಾಯದ ವಿವರ ತುಂಬಿಸುವ ‘ಫಾಫ್ಸಾ’ ಎಂಬ ನಮೂನೆಯನ್ನು ಸಲ್ಲಿಸದಿದ್ದರೆ, ಮರಳಿ ತೀರಿಸಬೇಕಾಗಿಲ್ಲದ ಪೆಲ್ ಅನುದಾನ ಸಿಗುವುದಿಲ್ಲ. 2024-25ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುವ ಮಗುವಿನ ತಾಯಿಗೆ ಈ ನಮೂನೆ ದಿಗಿಲು ಹುಟ್ಟಿಸುತ್ತದೆ. ಆಕೆಯ ಪಕ್ಕದಲ್ಲಿ ಕುಳಿತು ಸಂಜೆ ಹೊತ್ತು ಅದನ್ನು ತುಂಬಿಸಿಕೊಡುವುದು ಯಾವ ಪಾಠಕ್ಕೂ ಕಡಿಮೆಯ ಕೆಲಸವಲ್ಲ ಎಂದು ನಾನು ನಂಬುತ್ತೇನೆ.

ಆದರೂ ಮಕ್ಕಳು ಕೈತಪ್ಪಿಹೋಗುವುದು ಬೇಸಿಗೆ ರಜೆಯಲ್ಲಿ. ಮೇ ತಿಂಗಳಲ್ಲಿ ಪ್ರವೇಶಪತ್ರ ಹಿಡಿದು ನಗುತ್ತಿದ್ದ ಮಗು, ಹಾಸ್ಟೆಲ್ಲಿನ ಮುಂಗಡ ಕಟ್ಟಲಾಗದೆಯೋ, ಒಂದು ಇ-ಮೇಲ್ ನೋಡದೆಯೋ, ಮನೆಗೆ ಸಂಬಳ ತರಬೇಕೆಂದೋ ಆಗಸ್ಟಿನಲ್ಲಿ ಕಾಲೇಜಿಗೆ ಹೋಗುವುದೇ ಇಲ್ಲ. ಆದ್ದರಿಂದಲೇ ಇಂತಹ ಶಾಲೆಗಳು ಹಳೆಯ ವಿದ್ಯಾರ್ಥಿಗಳಿಗೆಂದೇ ಸಲಹೆಗಾರರನ್ನು ನೇಮಿಸಿ, ಆ ತಿಂಗಳುಗಳಲ್ಲಿ ಪ್ರತಿ ಮಗುವಿಗೂ ಕರೆ ಮಾಡಿಸುತ್ತವೆ ಮತ್ತು ಕಾಲೇಜು ಸೇರಿದ ಮೇಲೂ ವಿಚಾರಿಸಿಕೊಳ್ಳುತ್ತವೆ. ಪದವಿ ಬೇಡವೆನ್ನುವ ಮಕ್ಕಳಿಗೆ ವೆಲ್ಡಿಂಗ್, ನರ್ಸಿಂಗ್ ಸಹಾಯಕರ ತರಬೇತಿ ಮುಂತಾದ ದಾರಿಗಳನ್ನು ತೋರಿಸುವುದೂ ಈಚೆಗೆ ಹೆಚ್ಚಾಗಿದೆ, ಅದು ಒಳ್ಳೆಯದೇ.

ಎಲ್ಲ ಚಾರ್ಟರ್ ಶಾಲೆಗಳೂ ಹೀಗೆಯೇ ಇವೆ ಎಂದು ನಾನು ಹೇಳಲಾರೆ. ಫ್ಲೋರಿಡಾದ ಚಾರ್ಟರ್ ಹೈಸ್ಕೂಲುಗಳಲ್ಲಿ ಓದಿದವರು ಕಾಲೇಜಿನಲ್ಲಿ ಹೆಚ್ಚು ಕಾಲ ನಿಂತರು, ಮುಂದೆ ಹೆಚ್ಚು ಸಂಪಾದಿಸಿದರು ಎಂದು ಒಂದು ಅಧ್ಯಯನ ತೋರಿಸಿದರೆ, ನಮ್ಮ ಟೆಕ್ಸಾಸಿನ ಕುರಿತ ಇನ್ನೊಂದು ಅಧ್ಯಯನವು ಕಟ್ಟುನಿಟ್ಟಿನ ಶಿಸ್ತಿನ ಚಾರ್ಟರ್ ಶಾಲೆಗಳು ಅಂಕಗಳನ್ನೂ ಕಾಲೇಜು ಪ್ರವೇಶವನ್ನೂ ಹೆಚ್ಚಿಸಿದರೂ ಗಳಿಕೆಯಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ ಎಂದಿತು. ಪರೀಕ್ಷೆಗೆ ಮಾತ್ರ ಹದಗೊಂಡ ಮಗು, ಹೇಳಿಕೊಡುವವರಿಲ್ಲದ ಕಡೆ ತಬ್ಬಿಬ್ಬಾಗುತ್ತದೆ. ತಾನಾಗಿಯೇ ಅಧ್ಯಾಪಕರ ಬಳಿ ಹೋಗಿ ಸಂಶಯ ಕೇಳುವ ಧೈರ್ಯವನ್ನು ಹೈಸ್ಕೂಲಿನಲ್ಲೇ ಬೆಳೆಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೀವು ಪಾಠ ಹೇಳಿದ ಜೂನಿಯರ್ ಕಾಲೇಜಿನಿಂದಲೂ ಎಷ್ಟೋ ಮಕ್ಕಳು ದ್ವಿತೀಯ ಪಿಯುಸಿ ಚೆನ್ನಾಗಿ ಪಾಸಾಗಿ, ಸಿಇಟಿಯ ಆಪ್ಷನ್ ಎಂಟ್ರಿಯಲ್ಲಿ ದಿಕ್ಕು ತೋಚದೆ ನಿಂತದ್ದನ್ನು ನೀವೇ ಹೇಳುತ್ತಿದ್ದಿರಿ. ಈ ವರ್ಷ ಪಾಸಾದವರ ಫೋನ್ ನಂಬರುಗಳನ್ನು ಈಗಿನ ಪ್ರಾಂಶುಪಾಲರಿಂದ ಪಡೆದು, ನಿಮ್ಮಂತಹ ನಿವೃತ್ತ ಉಪನ್ಯಾಸಕರು ತಲಾ ಹತ್ತು ಮಕ್ಕಳನ್ನು ಹಂಚಿಕೊಂಡು ಮೊದಲ ಸೆಮಿಸ್ಟರ್ ಮುಗಿಯುವವರೆಗೆ ವಿಚಾರಿಸಿಕೊಳ್ಳಲು ಸಾಧ್ಯವೇ? ಇಲ್ಲಿ ನಾವು ಬಳಸುವ ಪ್ರಶ್ನೆಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಮುಂದಿನ ಪತ್ರದೊಂದಿಗೆ ಕಳುಹಿಸುತ್ತೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಪ್ರೀತಿಯ ಮಗಳು