ಅಡುಗೆ ಕಟ್ಟೆಗೆ ಕರಿಕಲ್ಲು ಸಾಲದೇ?

ಮಾನ್ಯರೇ,

ಕುವೆಂಪುನಗರದಲ್ಲಿ ಮಗ ಕಟ್ಟಿಸುತ್ತಿರುವ ಮನೆಯ ಅಡುಗೆಮನೆ ನಡುವೆ ಒಂದು ಕಟ್ಟೆ ಬರಲಿದೆ. ಸೊಸೆಗೆ ಬಿಳಿ ಮಾರ್ಬಲ್ ಆಸೆ. ಚೆಂದವೇನೋ ಹೌದು; ಹುಣಸೆಹುಳಿ, ನಿಂಬೆರಸ ಬಿದ್ದಲ್ಲಿ ಹೊಳಪು ಹೋಗುತ್ತದೆ. ದಿನಾ ಸಾರು ಕುದಿಯುವ ಮನೆಗೆ ಅದೇಕೆ?

ಅಂಗಡಿಯವರು ಕ್ವಾರ್ಟ್ಜ್ ತೋರಿಸಿದರು. ಅದು ಕಲ್ಲಿನ ಪುಡಿಗೆ ರಾಳ ಬೆರೆಸಿ ಅಚ್ಚು ಹಾಕಿದ್ದು. ಬಿಸಿ ಬಾಣಲೆ ನೇರ ಇಟ್ಟರೆ ಕಲೆ ಬೀಳಬಹುದು. ಕೊಯ್ಯುವವರ ಶ್ವಾಸಕೋಶಕ್ಕೆ ಅದರ ದೂಳು ಸಿಲಿಕೋಸಿಸ್ ಎಂಬ ಕಾಯಿಲೆ ತರುತ್ತದೆಂದು ಆಸ್ಟ್ರೇಲಿಯಾ ಇಂಥ ಕಲ್ಲನ್ನು 2024ರ ಜುಲೈ 1ರಿಂದ ನಿಷೇಧಿಸಿದೆ. ಈ ಮಾತು ಇಲ್ಲಿ ಯಾರೂ ಎತ್ತುವುದಿಲ್ಲ!

ಪಕ್ಕದ ಚಾಮರಾಜನಗರದ ಕರಿಕಲ್ಲು ಹುಳಿಗೂ ಬಿಸಿಗೂ ಜಗ್ಗದು. ನನ್ನ ಓಟು ಅದಕ್ಕೇ. ಯಾವ ಕಲ್ಲಾದರೂ ನೀರು ಹಾಯಿಸಿಯೇ ಕೊಯ್ಯುವಂತೆ, ಕೆಲಸಗಾರರಿಗೆ ಸರಿಯಾದ ಮಾಸ್ಕ್ ಕೊಡುವಂತೆ ಕಾರ್ಮಿಕ ಇಲಾಖೆ ನೋಡಿಕೊಳ್ಳಲಿ.

– ನಿವೃತ್ತ ಶಿಕ್ಷಕಿ, ಮೈಸೂರು