ನನ್ನ ದವಡೆಯಲ್ಲಿರುವ ಸ್ಕ್ರೂ ಯಾವ ಕಂಪನಿಯದು ಅಂತ ತಿಳಿಸಿ

ತಿಪಟೂರು
13 ಅಕ್ಟೋಬರ್ 2025

ಇವರಿಗೆ,
ವ್ಯವಸ್ಥಾಪಕರು,
ದಂತ ಚಿಕಿತ್ಸಾಲಯದ ಮುಖ್ಯ ಕಚೇರಿ, ಬೆಂಗಳೂರು

ವಿಷಯ: ಕೆಳದವಡೆಯ ಎಡಗಡೆ ಹಾಕಿದ ಇಂಪ್ಲಾಂಟಿನ (ಹಲ್ಲಿನ ಬೇರಿನ ಬದಲು ಮೂಳೆಯೊಳಗೆ ಕೂರಿಸುವ ಸ್ಕ್ರೂ; ದಂತವೈದ್ಯರ ಎಣಿಕೆಯಲ್ಲಿ 36ನೇ ಹಲ್ಲು) ವಿವರ ಕೊಡದೆ ಸತಾಯಿಸುತ್ತಿರುವ ಬಗ್ಗೆ

ಮಾನ್ಯರೇ,

ನಾನು ತಿಪಟೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಸುತ್ತಮುತ್ತಲ ತೆಂಗಿನ ತೋಟಗಳಲ್ಲಿ ಸುಟ್ಟುಹೋದ ಮೋಟಾರುಗಳು ನನ್ನ ಹತ್ತಿರ ಬರುತ್ತವೆ. ಸ್ಕ್ರೂ, ಸ್ಪ್ಯಾನರ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ರೂಟ್ ಕೆನಾಲ್ ಮಾಡಿಸಿದ್ದ ದವಡೆ ಹಲ್ಲು ಸೀಳಿಹೋಗಿ 2023ರ ನವೆಂಬರಿನಲ್ಲಿ ಕೀಳಿಸಬೇಕಾಯಿತು. ಮುದ್ದೆ ನುಂಗುವುದಕ್ಕೆ ಹಲ್ಲು ಬೇಡ, ಸರಿ. ಆದರೆ ಕೊಬ್ಬರಿ ಊರಿನವನಿಗೆ ಕೊಬ್ಬರಿ ಅಗಿಯೋಕೆ ಆಗಬೇಕಲ್ವಾ? ಬ್ರಿಡ್ಜ್, ಅಂದರೆ ಪಕ್ಕದ ಹಲ್ಲುಗಳಿಗೆ ಆನಿಸಿ ಕೂರಿಸುವ ಕಟ್ಟು ಹಲ್ಲು, ಹಾಕಿದರೆ ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಬೇಕು ಎಂದರು. ಮನಸ್ಸು ಬರಲಿಲ್ಲ. ಹಾಗಾಗಿ ನಿಮ್ಮ ಬೆಂಗಳೂರಿನ ಶಾಖೆಯಲ್ಲಿ 2024ರ ಫೆಬ್ರವರಿಯಲ್ಲಿ ಇಂಪ್ಲಾಂಟ್ ಹಾಕಿಸಿದೆ. ಮೂಳೆ ಕಚ್ಚಿಕೊಳ್ಳಲಿ ಅಂತ ನಾಲ್ಕು ತಿಂಗಳು ಬಿಟ್ಟು ಜೂನ್‌ನಲ್ಲಿ ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪ್ ಕೂರಿಸಿದರು. ಒಟ್ಟು 42,000 ರೂಪಾಯಿ ಕಟ್ಟಿದ್ದೇನೆ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಹಾಕಿದ ಡಾಕ್ಟರ ಮೇಲೆ ನನಗೆ ದೂರಿಲ್ಲ. ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿದರು, ದವಡೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ತೆಗೆಸಿ ಕೆಳಗಿರುವ ನರ ಎಷ್ಟು ದೂರ ಇದೆ ಅಂತ ತೋರಿಸಿದರು. ಹೆದರಿಕೆ ಹೋಗಲಿ ಅಂತ ಒಂದು ಕಥೆಯನ್ನೂ ಹೇಳಿದರು. ಸ್ವೀಡನ್ನಿನ ಬ್ರೋನೆಮಾರ್ಕ್ ಎನ್ನುವವರು 1952ರಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಕೊಳವೆ ಇಟ್ಟಿದ್ದರಂತೆ. ಆಮೇಲೆ ತೆಗೆಯಲು ಹೋದರೆ ಮೂಳೆ ಬಿಡಲೇ ಇಲ್ಲವಂತೆ. 1965ರಲ್ಲಿ ಅವರು ಮೊದಲು ಇಂಪ್ಲಾಂಟ್ ಹಾಕಿದ ಮನುಷ್ಯ ಸಾಯುವವರೆಗೂ, ಅಂದರೆ ಸುಮಾರು 40 ವರ್ಷ, ಅದೇ ಹಲ್ಲಿನಲ್ಲಿ ಊಟ ಮಾಡಿದರಂತೆ.

ಈಗ ವಿಷಯಕ್ಕೆ ಬರುತ್ತೇನೆ. ಈ ಆಗಸ್ಟ್‌ನಿಂದ ಕ್ಯಾಪ್ ಅಲ್ಲಾಡುತ್ತಿದೆ. ನೋವಿಲ್ಲ, ಊತವಿಲ್ಲ. ಇಲ್ಲೇ ಊರಿನ ದಂತವೈದ್ಯರಿಗೆ ತೋರಿಸಿದೆ. ಎಕ್ಸ್‌ರೇ ನೋಡಿ, ಮೂಳೆಯೊಳಗಿನ ಇಂಪ್ಲಾಂಟ್ ಗಟ್ಟಿಯಾಗಿದೆ, ಸುತ್ತ ಮೂಳೆ ಕರಗಿಲ್ಲ ಎಂದರು. ಸಡಿಲವಾಗಿರುವುದು ಇಂಪ್ಲಾಂಟಿಗೂ ಕ್ಯಾಪಿಗೂ ನಡುವೆ ಜೋಡಣೆಯ ತುಂಡಾಗಿ ಇರುವ ಅಬಟ್‌ಮೆಂಟನ್ನು ಹಿಡಿದಿಡುವ ಸಣ್ಣ ಸ್ಕ್ರೂ ಮಾತ್ರ. ಕ್ಯಾಪಿನ ಮೇಲೆ ಸಣ್ಣ ತೂತು ಮಾಡಿ ಬಿಗಿದರೆ ಸರಿಹೋಗಬಹುದಂತೆ. ಆದರೆ ಬಿಗಿಯಲು ಯಾವ ಡ್ರೈವರ್? ಅವರು ತಮ್ಮ ಡಬ್ಬಿ ತೆಗೆದು ತೋರಿಸಿದರು. ಆರು ಮೂಲೆಯದು, ಚೌಕದ್ದು, ನಕ್ಷತ್ರದ ಹಾಗಿರುವುದು. ಆರು ಮೂಲೆಯದರಲ್ಲೇ 1.2 ಮಿಲಿಮೀಟರ್ ಬೇರೆ, 1.25 ಬೇರೆ. ಎಷ್ಟು ಬಿಗಿಯಬೇಕು ಎನ್ನುವುದೂ ಕಂಪನಿಯಿಂದ ಕಂಪನಿಗೆ ಬೇರೆ. ಅದಕ್ಕೆ ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ರೆಂಚ್ ಬಳಸುತ್ತಾರೆ. ತಪ್ಪು ಡ್ರೈವರ್ ಹಾಕಿ ಸ್ಕ್ರೂ ತಲೆ ಸವೆದರೆ ಏನಾಗುತ್ತದೆ ಅಂತ ನನಗೆ ಗೊತ್ತು, ದಿನಾ ಅದನ್ನೇ ನೋಡುತ್ತೇನೆ. "ಕಂಪನಿ ಹೆಸರು ತಗೊಂಡು ಬನ್ನಿ, ಅರ್ಧ ಗಂಟೆ ಕೆಲಸ" ಎಂದರು.

ನಿಮ್ಮ ಬಿಲ್ಲಿನಲ್ಲಿ ಇರುವುದು ಇಷ್ಟೇ: "ಇಂಪ್ಲಾಂಟ್ ವಿತ್ ಕ್ಯಾಪ್, 1." ಶಾಖೆಗೆ ಐದು ಸಲ ಫೋನ್ ಮಾಡಿದೆ. ಹಾಕಿದ ಡಾಕ್ಟರು ಕೆಲಸ ಬಿಟ್ಟಿದ್ದಾರಂತೆ. ಫೈಲ್ ಮುಖ್ಯ ಕಚೇರಿಯಲ್ಲಿದೆಯಂತೆ. ಯಾವ ಕಂಪನಿಯದು ಅಂತ ಕೇಳಿದರೆ "ಇಂಪೋರ್ಟೆಡ್ ಸರ್" ಎಂದರು. ಇಂಪೋರ್ಟೆಡ್ ಸರಿ ಮೇಡಂ, ಕಂಪನಿ? "ಇಂಪೋರ್ಟೆಡ್ ಸರ್."

ಕೊನೆಗೆ ಅಲ್ಲಿನ ಮ್ಯಾನೇಜರ್ ಸಿಕ್ಕಿ, ಹಳೆಯದು ತೆಗೆದು ಹೊಸದು ಹಾಕೋಣ, ರಿಯಾಯಿತಿಯಲ್ಲಿ 30,000ಕ್ಕೆ ಮಾಡಿಕೊಡುತ್ತೇವೆ ಎಂದರು. ಮೂಳೆ ಕಚ್ಚಿಕೊಂಡಿರುವ ಗಟ್ಟಿ ಇಂಪ್ಲಾಂಟನ್ನು ಸುತ್ತಲೂ ಮೂಳೆ ಕೊರೆದು ತೆಗೆಯಬೇಕಾಗಬಹುದು. ಒಂದು ಸ್ಕ್ರೂ ಸಡಿಲ ಅಂತ ಯಾರಾದರೂ ಮೋಟಾರನ್ನೇ ಗುಜರಿಗೆ ಹಾಕುತ್ತಾರಾ?

ನನ್ನ ಅಂಗಡಿಯಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಬಂದ ಪ್ರತಿ ಮೋಟಾರಿಗೂ ಎಷ್ಟು ಎಚ್‌ಪಿ, ಯಾವ ಗೇಜ್ ತಂತಿ, ಎಷ್ಟು ಸುತ್ತು ಅಂತ ಬರೆದಿಡುತ್ತೇನೆ. ಇಂಪ್ಲಾಂಟಿನ ವಿಷಯದಲ್ಲಿ ಬರೆಯುವ ಕಷ್ಟವೂ ಇಲ್ಲ. ಪೊಟ್ಟಣದ ಜೊತೆಗೇ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಬರುತ್ತದೆ, ಕಿತ್ತು ಫೈಲಿಗೆ ಅಂಟಿಸಿದರೆ ಆಯಿತು. ಹತ್ತಾರು ವರ್ಷ ಬಾಯಲ್ಲಿರಲಿ ಅಂತಲೇ ಹಾಕುವ ವಸ್ತು ಇದು. ಅಷ್ಟರಲ್ಲಿ ಡಾಕ್ಟರು ಕೆಲಸ ಬದಲಿಸುತ್ತಾರೆ, ನಿಮ್ಮ ಶಾಖೆಯೇ ಮುಚ್ಚಬಹುದು. ಆಗ ನನ್ನಂಥವರು ಯಾರನ್ನು ಕೇಳಬೇಕು?

ನಾನು ಹಣ ವಾಪಸ್ ಕೇಳುತ್ತಿಲ್ಲ. ಇಂಪ್ಲಾಂಟಿನ ಕಂಪನಿ, ಮಾಡೆಲ್, ದಪ್ಪ, ಉದ್ದ, ಲಾಟ್ ನಂಬರ್, ಅಬಟ್‌ಮೆಂಟ್ ಯಾವುದು, ಕ್ಯಾಪನ್ನು ಸಿಮೆಂಟಿನಿಂದ ಅಂಟಿಸಿದ್ದಾರಾ ಇಲ್ಲವೇ ಸ್ಕ್ರೂ ಹಾಕಿದ್ದಾರಾ, ಇಷ್ಟನ್ನು ಲಿಖಿತವಾಗಿ ಕೊಡಿ. ಸ್ಕ್ಯಾನ್ ಮತ್ತು ಎಕ್ಸ್‌ರೇಗಳ ಪ್ರತಿಯನ್ನೂ ಕಳಿಸಿ. ನೀವೇ ಉಚಿತವಾಗಿ ಬಿಗಿದುಕೊಡುವುದಾದರೆ ಬರಲು ಸಿದ್ಧ, ಆದರೆ ವಿವರ ಮಾತ್ರ ಆಗಲೂ ಬೇಕು. ಹೀಗೇ ಅಲ್ಲಾಡುತ್ತಿದ್ದರೆ ಆ ಸಣ್ಣ ಸ್ಕ್ರೂ ಒಳಗೇ ಮುರಿಯಬಹುದು ಅಂತ ಡಾಕ್ಟರು ಹೇಳಿದ್ದಾರೆ. ಎರಡು ತಿಂಗಳಿಂದ ಬರೀ ಬಲಗಡೆಯಲ್ಲೇ ಅಗಿಯುತ್ತಿದ್ದೇನೆ. ಹಾಗಾಗಿ 15 ದಿನಕ್ಕಿಂತ ಜಾಸ್ತಿ ಕಾಯುವುದಿಲ್ಲ.

ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತುಮಕೂರಿನ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಈ ಮೊತ್ತಕ್ಕೆ ಶುಲ್ಕವೂ ಇಲ್ಲ. ಕರ್ನಾಟಕ ರಾಜ್ಯ ದಂತ ಪರಿಷತ್ತಿಗೂ ಇದೇ ಪತ್ರದ ಪ್ರತಿ ಹೋಗುತ್ತದೆ. ಸುಮ್ನೆ ಹೆದರಿಸಲು ಬರೆದದ್ದಲ್ಲ. ಆದರೆ ನಿಮ್ಮ ಒಂದು ಸ್ಟಿಕ್ಕರಿನ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಇದ್ಯಾವುದೂ ಬೇಕಾಗಿಲ್ಲ.

ಇಂತಿ,
ನಿಮ್ಮ ರೋಗಿ
(ಸಹಿ)

ಲಗತ್ತು: ಬಿಲ್ಲಿನ ಪ್ರತಿ, ಸೆಪ್ಟೆಂಬರಿನಲ್ಲಿ ತಿಪಟೂರಿನಲ್ಲಿ ತೆಗೆಸಿದ ಎಕ್ಸ್‌ರೇ, ಫೋನ್ ಮಾಡಿದ ದಿನಾಂಕಗಳ ಪಟ್ಟಿ.