‘ಅಲ್ಲಿಗೆ ಯಾಕೆ ಹೋಗಬೇಕು’ ಎಂದು ಕೇಳುವವರಿಗೆ

ಮಾನ್ಯ ಸಂಪಾದಕರೇ,

ಆಗಸ್ಟ್ 19ರ ನಿಮ್ಮ ಪತ್ರಿಕೆಯಲ್ಲಿ ‘ಇಂದು ವಿಶ್ವ ಮಾನವೀಯತಾ ದಿನ’ ಎಂದು ಒಂದೇ ಒಂದು ಸಾಲು ಇತ್ತು, ದಿನವಿಶೇಷದ ಅಂಕಣದಲ್ಲಿ. ಆ ದಿನ ಯಾಕೆ 19ಕ್ಕೇ ಬಂತು ಎಂದು ಬರೆದಿರಲಿಲ್ಲ. ಓದಿ ಸುಮ್ಮನಿರಲು ಆಗಲಿಲ್ಲ. ಅದಕ್ಕೇ ಈ ಪತ್ರ.

ನನ್ನ ಮಗಳು ದಕ್ಷಿಣ ಸುಡಾನ್‌ನ ಮಲಕಾಲ್‌ನಲ್ಲಿದ್ದಾಳೆ. ನೈಲ್ ನದಿಯ ದಂಡೆಯ ಊರು. ನಿರಾಶ್ರಿತರಿಗೆ ಸಂಬಂಧಪಟ್ಟ ಕೆಲಸ. ಅಲ್ಲಿಗೆ ಮನೆಯವರನ್ನು ಕರೆದುಕೊಂಡು ಹೋಗುವಂತಿಲ್ಲ. ಕೆಲವು ವಾರಗಳಿಗೊಮ್ಮೆ ವಿಶ್ರಾಂತಿಗೆಂದು ಹೊರಗೆ ಕಳಿಸುತ್ತಾರೆ. ‘ಆರ್ ಅಂಡ್ ಆರ್’ ಅಂತಾರೆ ಅದಕ್ಕೆ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈಗ ಹಬ್ಬಗಳಿಗಿಂತ ಆ ತಾರೀಖುಗಳಿಗೇ ಗುರುತು ಜಾಸ್ತಿ.

ಸಂತೆಗೆ ಹೋಗಲಿ, ಮದುವೆಮನೆಗೆ ಹೋಗಲಿ, ಜನ ಕೇಳುವುದು ಒಂದೇ. ‘ಅಕ್ಕಾ, ಹೆಣ್ಣುಮಗಳನ್ನು ಅಂಥ ಕಡೆ ಯಾಕೆ ಕಳಿಸಿದ್ರಿ? ಬಂದೂಕು ಹಿಡಿದವರ ಹತ್ತಿರ ಮಾತಾಡಿದ್ರೆ ಏನು ಸಿಗುತ್ತೆ?’

ಮೊದಲು ನನಗೂ ಉತ್ತರ ಗೊತ್ತಿರಲಿಲ್ಲ. ಒಂದು ರಾತ್ರಿ ಮಗಳೇ ಫೋನಿನಲ್ಲಿ ಸೆರ್ಜಿಯೊ ವಿಯೆರಾ ದ ಮೆಲ್ಲೊ ಅವರ ವಿಷಯ ಹೇಳಿದಳು. ಬ್ರೆಜಿಲ್‌ನವರು. ತಂದೆಯೂ ರಾಜತಾಂತ್ರಿಕರು. 1969ರಲ್ಲಿ ಅಲ್ಲಿನ ಮಿಲಿಟರಿ ಸರ್ಕಾರ ತಂದೆಯನ್ನು ಕೆಲಸದಿಂದ ತೆಗೆಯಿತು. ಅದೇ ವರ್ಷ ಮಗ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಸೇರಿದರು. ಆಗ ವಯಸ್ಸು 21. ಮುಂದಿನ 34 ವರ್ಷ ಅವರು ಹೋದ ಊರುಗಳ ಹೆಸರು ಕೇಳಿ: ಢಾಕಾ, ಸುಡಾನ್, ಸೈಪ್ರಸ್, ಮೊಜಾಂಬಿಕ್, ಲೆಬನಾನ್, ಕಾಂಬೋಡಿಯಾ, ಬೋಸ್ನಿಯಾ, ಕೊಸೊವೊ, ಪೂರ್ವ ಟಿಮೋರ್. ಕೊನೆಗೆ ಬಾಗ್ದಾದ್.

ಕಾಂಬೋಡಿಯಾದ ಕೆಲಸವೇ ನನ್ನ ಮನಸ್ಸಿನಲ್ಲಿ ನಿಂತದ್ದು. ಥಾಯ್ಲೆಂಡ್ ಗಡಿಯ ಶಿಬಿರಗಳಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಕಾಂಬೋಡಿಯನ್ನರಿದ್ದರು. ಅವರನ್ನು 1993ರ ಚುನಾವಣೆಗೆ ಮೊದಲು ಊರಿಗೆ ಮುಟ್ಟಿಸಬೇಕಿತ್ತು. 1992ರ ಮಾರ್ಚ್ ಕೊನೆಗೆ ಮೊದಲ ಬಸ್ಸುಗಳು ಹೊರಟವು. ಪ್ರತಿ ಕುಟುಂಬಕ್ಕೂ ಎರಡು ಹೆಕ್ಟೇರ್ ಜಮೀನು ಕೊಡುವುದು ಅಂತ ಮೊದಲು ಲೆಕ್ಕ ಹಾಕಿದ್ದರು. ಆದರೆ ನೆಲದ ತುಂಬ ನೆಲಬಾಂಬು ಹೂತಿಟ್ಟಿದ್ದರು. ಉಳುವಂಥ ಜಮೀನೇ ಸಾಲಲಿಲ್ಲ. ಆಗ ಜನರ ಮುಂದೆ ಬೇರೆ ದಾರಿಗಳನ್ನೂ ಇಟ್ಟರು. ದೊಡ್ಡವರಿಗೆ ತಲಾ 50 ಡಾಲರ್, ಮಕ್ಕಳಿಗೆ 25 ಡಾಲರ್, ಜೊತೆಗೆ ತಿಂಗಳುಗಟ್ಟಲೆ ರೇಷನ್. ಇಷ್ಟು ಹಿಡಿದುಕೊಂಡು ತಮಗೆ ಬೇಕಾದ ಊರಿಗೆ ಹೋಗಬಹುದು. ಹೆಚ್ಚಿನವರು ಆರಿಸಿಕೊಂಡದ್ದು ಅದನ್ನೇ. ಇಷ್ಟಕ್ಕಾಗಿ ಸೆರ್ಜಿಯೊ, ಹಿಂದೆ ಆ ದೇಶ ಆಳಿ ಆಮೇಲೆ ಬಂಡುಕೋರರಾಗಿದ್ದ ಖ್ಮೇರ್ ರೂಜ್ ಗುಂಪಿನವರ ಪ್ರದೇಶಕ್ಕೂ ಹೋಗಿ ಅವರ ಎದುರು ಕೂತು ಮಾತಾಡಿದರು. 15 ಲಕ್ಷಕ್ಕೂ ಹೆಚ್ಚು ಜನರ ಸಾವಿಗೆ ಕಾರಣರಾದವರು ಅವರು. ಅವರನ್ನು ಬಿಟ್ಟು ಮಾತಾಡಿದರೆ ಅವರ ಹಿಡಿತದಲ್ಲಿದ್ದ ಹಳ್ಳಿಗಳಿಗೆ ದಾರಿ ಸಿಗುತ್ತಿರಲಿಲ್ಲ.

ಊರಿಗೆ ಮರಳುವುದು ಅಂದರೇನು ಅಂತ ನಾನು ಅಂಚೆ ಕೌಂಟರಿನ ಹಿಂದೆ ಕೂತು ನೋಡಿದವಳು. ಮುಂಡಗೋಡಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಟಿಬೆಟನ್ ಕಾಲೊನಿಯಿಂದ ಒಬ್ಬ ಅಜ್ಜಿ ಜಪಮಣಿ ಎಣಿಸುತ್ತಾ ಬರುತ್ತಿದ್ದರು. ಲಾಸಾದಲ್ಲಿ ಉಳಿದ ತಂಗಿಯ ಕಾಗದ ಬಂತಾ ಅಂತ ಕೇಳುವುದು. ಇಲ್ಲ ಅಂದರೆ ನಗುವುದು, ಹೋಗುವುದು. ನಾನು ಅಲ್ಲಿರುವಷ್ಟು ದಿನ ಒಂದು ಕಾಗದವೂ ಬರಲಿಲ್ಲ. ಮೂರೂವರೆ ಲಕ್ಷ ಜನ ಊರು ಮುಟ್ಟಿದರು ಅಂತ ಮಗಳು ಹೇಳಿದಾಗ ನನಗೆ ನೆನಪಾದದ್ದು ಆ ಅಜ್ಜಿಯೇ.

ಸೆರ್ಜಿಯೊ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಬೋಸ್ನಿಯಾದ ಯುದ್ಧದಲ್ಲಿ ದಾಳಿ ಮಾಡುತ್ತಿದ್ದ ಸರ್ಬ್ ನಾಯಕರ ಜೊತೆ ತೀರಾ ಮೆತ್ತಗಾದರು ಎಂಬ ಟೀಕೆ ಇತ್ತು. ಮಗಳನ್ನು ಕೇಳಿದೆ. ‘ಆ ಟೀಕೆ ಸರಿ ಅಂತ ನನಗೂ ಅನ್ನಿಸುತ್ತೆ ಆಯಿ. ಎಲ್ಲಿಯವರೆಗೆ ಮಾತಾಡಬೇಕು, ಎಲ್ಲಿ ಎದ್ದು ಬರಬೇಕು ಅನ್ನೋದೇ ಕಷ್ಟ’ ಅಂದಳು. ಪೂರ್ವ ಟಿಮೋರ್‌ನಲ್ಲಿ ಸ್ವಾತಂತ್ರ್ಯಕ್ಕೆ ಮೊದಲು ವಿಶ್ವಸಂಸ್ಥೆಯ ಪರವಾಗಿ ಆಡಳಿತವೆಲ್ಲ ಸೆರ್ಜಿಯೊ ಕೈಯಲ್ಲೇ ಇತ್ತು. ಸ್ಥಳೀಯರು ಸಿಟ್ಟಾದಾಗ ಅಧಿಕಾರವನ್ನು ಅವರ ಜೊತೆ ಹಂಚಿಕೊಂಡರು. 2002ರ ಮೇ 20ರಂದು ಆ ದೇಶ ಸ್ವತಂತ್ರವಾಯಿತು.

ಇರಾಕ್‌ನ ಬಾಗ್ದಾದ್‌ಗೆ ಹೋದದ್ದು 2003ರ ಜೂನ್‌ನಲ್ಲಿ, ಅಮೆರಿಕದ ಸೇನೆ ಆ ದೇಶಕ್ಕೆ ನುಗ್ಗಿದ ಮೇಲೆ, ನಾಲ್ಕೇ ತಿಂಗಳಿಗೆ ಅಂತ. ಕಚೇರಿ ಇದ್ದದ್ದು ಕೆನಾಲ್ ಹೋಟೆಲ್ ಎಂಬ ಕಟ್ಟಡದಲ್ಲಿ. ಅಮೆರಿಕದ ಸೇನೆಯ ಟ್ಯಾಂಕುಗಳು ಬಾಗಿಲಲ್ಲಿ ನಿಂತರೆ ಇರಾಕಿಗಳು ಒಳಗೆ ಬರುವುದಿಲ್ಲ ಎಂಬ ಯೋಚನೆ ವಿಶ್ವಸಂಸ್ಥೆಯವರದ್ದು. ಹಾಗಾಗಿ ಅಂಥ ಕಾವಲು ಬೇಡ ಅಂದಿದ್ದರು. ಆಗಸ್ಟ್ 19ರ ಸಂಜೆ ಪಕ್ಕದ ರಸ್ತೆಯಲ್ಲಿ ಬಾಂಬು ತುಂಬಿದ ಲಾರಿ ಬಂದು ಸ್ಫೋಟಿಸಿತು. ಸೆರ್ಜಿಯೊ ಅವಶೇಷದ ಕೆಳಗೆ ಮೂರು ಗಂಟೆಗೂ ಹೆಚ್ಚು ಕಾಲ ಜೀವಂತವಾಗಿದ್ದರು, ಮಾತಾಡುತ್ತಿದ್ದರು. ಅಮೆರಿಕದ ಇಬ್ಬರು ಸೈನಿಕರು ಒಂದು ಹೆಂಗಸರ ಚೀಲಕ್ಕೆ ಪರದೆಯ ಹಗ್ಗ ಕಟ್ಟಿ ಕಲ್ಲುಮಣ್ಣು ಎಳೆದು ತೆಗೆದರು. ಬೇಕಾದ ಸಲಕರಣೆ ಇರಲಿಲ್ಲ. ಸೆರ್ಜಿಯೊ ಹತ್ತಿರವೇ ಸಿಕ್ಕಿಬಿದ್ದಿದ್ದ ಇನ್ನೊಬ್ಬರು ಕಾಲು ಕಳೆದುಕೊಂಡು ಬದುಕಿದರು. ಸೆರ್ಜಿಯೊ ಬದುಕಲಿಲ್ಲ. 55 ವರ್ಷ. ಸತ್ತವರು ಒಟ್ಟು 22 ಜನ. ವಿಶ್ವ ಮಾನವೀಯತಾ ದಿನ 19ಕ್ಕೇ ಬಂದದ್ದು ಅದಕ್ಕೇ. 

ಫಿನ್‌ಲೆಂಡ್‌ನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ ಅವರ ತಂಡ ತನಿಖೆ ಮಾಡಿತು. ವಿಶ್ವಸಂಸ್ಥೆಯ ಭದ್ರತಾ ವ್ಯವಸ್ಥೆಯೇ ಕೆಟ್ಟಿದೆ ಎಂದು ನೇರವಾಗಿ ಹೇಳಿತು. ತಾಯಿಯಾಗಿ ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಬಾಗಿಲು ತೆರೆದಿಡಬೇಕು, ಸರಿ. ಆದರೆ ಆ ಬಾಗಿಲಲ್ಲಿ ಕೂರಿಸಿದವರನ್ನು ಕಾಯುವುದು ಕಳಿಸಿದವರ ಕೆಲಸ ಅಲ್ವಾ?

ನಮ್ಮವರೂ ಹೀಗೆ ಹೋಗಿದ್ದಾರೆ. 2008ರ ಜುಲೈ 7ರಂದು ಕಾಬೂಲ್‌ನ ನಮ್ಮ ರಾಯಭಾರ ಕಚೇರಿಯ ಗೇಟಿನಲ್ಲಿ ಬಾಂಬು ಸಿಡಿಯಿತು. ವಿದೇಶಾಂಗ ಸೇವೆಯ ವಿ. ವೆಂಕಟೇಶ್ವರ ರಾವ್ ಮತ್ತು ಬ್ರಿಗೇಡಿಯರ್ ಆರ್.ಡಿ. ಮೆಹ್ತಾ ತೀರಿಕೊಂಡರು. ಇಬ್ಬರಿಗೂ ಮರಣೋತ್ತರ ಕೀರ್ತಿ ಚಕ್ರ ಬಂತು. ವೀಸಾಕ್ಕೆಂದು ಸಾಲಿನಲ್ಲಿ ನಿಂತಿದ್ದ ಆಫ್ಘನ್ನರೂ ಹಲವರು ಸತ್ತರು. 

ನಿಮ್ಮ ಶಿಕ್ಷಣ ಪುರವಣಿಯಲ್ಲಿ ಐಎಫ್‌ಎಸ್, ಅಂದರೆ ಈ ವಿದೇಶಾಂಗ ಸೇವೆಯ ಬಗ್ಗೆ ಬರೆಯುವಾಗ ರ್‍ಯಾಂಕ್, ಸಂಬಳ, ವಿದೇಶದ ಮನೆ ಇವೇ ಇರುತ್ತವೆ. ಕಾಬೂಲ್‌ನ ಆ ಗೇಟಿನ ಬಗ್ಗೆಯೂ ಮಕ್ಕಳಿಗೆ ಹೇಳಿ. ಅದನ್ನು ತಿಳಿದೂ ಹೋಗುವ ಮಕ್ಕಳು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಮುಂದಿನ ವರ್ಷ ಆಗಸ್ಟ್ 19ಕ್ಕೆ ಅರ್ಧ ಪುಟವಾದರೂ ಕೊಡಿ. 

ಮಲಕಾಲ್‌ನಲ್ಲಿ ವಿಶ್ವಸಂಸ್ಥೆಯ ಕೆಲಸಕ್ಕೆ ಹೋದ ಭಾರತದ ಸೈನಿಕರೂ ಇದ್ದಾರೆ. ಅವರಲ್ಲಿ ಬೆಳಗಾವಿ ಕಡೆಯವರೊಬ್ಬರು ಮಗಳಿಗೆ ಸಿಕ್ಕಿದ್ದಾರಂತೆ. ಕನ್ನಡ ಮಾತಾಡಲು ಒಬ್ಬರಾದರು ಅಂತ ನನಗೆ ಸಮಾಧಾನ. ಮುಂದಿನ ತಿಂಗಳು ಅವಳು ಬರುತ್ತಾಳೆ. ಈ ಸಲ ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಬಾಟಲಿ ಬೇಕಂತೆ, ಒಂದು ಅವರಿಗೆ. ಅವಳನ್ನು ನೋಡಲು ಬರುವವರಲ್ಲಿ ಒಂದು ವಿನಂತಿ. ಕೆಲಸ ಯಾವಾಗ ಬಿಡ್ತೀಯಾ ಅಂತ ಕೇಳಬೇಡಿ. ಅಲ್ಲಿ ಯಾರ ಜೊತೆ ಮಾತಾಡಿದೆ, ಅವರು ಏನಂದರು ಅಂತ ಕೇಳಿ. ಅವಳು ಹೇಳುತ್ತಾಳೆ.

ಇತಿ,
ನಿವೃತ್ತ ಅಂಚೆ ನೌಕರಳು, ಶಿರಸಿ